ಮಿಶ್ರ ಮಾಧ್ಯಮದ ಚಿತ್ರಫಲಕ ಮಳೆಗಾಲ ದಾಟಬೇಕಾದರೆ: ಹಾಸನ, ಚಿಕ್ಕಮಗಳೂರಿನ ಹವೆಗೆ ತಕ್ಕ ಸಮಗ್ರ ಮಾರ್ಗದರ್ಶಿ

ರೇಖಾಚಿತ್ರ, ಲಿನೊ ಅಚ್ಚು (ಲಿನೋಲಿಯಂ ಹಾಳೆಯನ್ನು ಕೊರೆದು ಒತ್ತುವ ಅಚ್ಚು), ಕೊಲಾಜ್ (ಕಾಗದ, ಬಟ್ಟೆಯ ತುಂಡುಗಳ ಅಂಟುಚಿತ್ರ), ಮಣ್ಣಿನ ಬಣ್ಣ, ಅಕ್ರಿಲಿಕ್, ತೈಲವರ್ಣ ಇವುಗಳಲ್ಲಿ ಮೂರು ನಾಲ್ಕನ್ನು ಒಂದೇ ಹಲಗೆಯ ಮೇಲೆ ತರಲು ಪ್ರಯತ್ನಿಸಿದವರ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು. ಏಪ್ರಿಲ್‌ನಲ್ಲಿ ಅಂಟಿಸಿದ ಕಾಗದದ ಅಂಚು ಜುಲೈ ಹೊತ್ತಿಗೆ ಏಳುತ್ತದೆ, ಹಲಗೆ ಬಾಗುತ್ತದೆ, ಗೋಣಿತಾಟಿನ ಸುತ್ತ ಹಸಿರುಗಪ್ಪು ಬೂಷ್ಟು ಹಿಡಿಯುತ್ತದೆ, ಮೇಲಿನ ಬಣ್ಣ ಉಗುರು ತಾಗಿದರೆ ಸಿಪ್ಪೆಯಾಗಿ ಬರುತ್ತದೆ. ಇವುಗಳಲ್ಲಿ ಯಾವುದೂ ಕೈಚಳಕದ ಕೊರತೆಯಿಂದ ಆಗುವುದಲ್ಲ. ಪದರಗಳ ಕ್ರಮ ತಪ್ಪಿದ್ದರಿಂದ, ಅಥವಾ ಒಂದು ಪದರ ಒಣಗುವ ಮೊದಲೇ ಇನ್ನೊಂದನ್ನು ಹೊದಿಸಿದ್ದರಿಂದ ಆಗುವುದು. ಒಣಹವೆಯ ಊರುಗಳ ಕಲಾವಿದರು ಹೇಳುವ "ಒಂದು ಗಂಟೆ ಒಣಗಿಸಿ" ಎಂಬ ಸೂಚನೆ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಜೂನ್ ತಿಂಗಳಲ್ಲಿ ನಡೆಯುವುದಿಲ್ಲ.

ಮುಂದಿನ ಹಂತಗಳನ್ನು 18×24 ಅಂಗುಲದ ಒಂದು ಫಲಕವನ್ನು ಮುಂದಿಟ್ಟುಕೊಂಡು ವಿವರಿಸಿದೆ. ಅದರ ಕೆಳಭಾಗದಲ್ಲಿ ಹಳೇಬೀಡಿನ ಗೋಡೆಯ ಆನೆಸಾಲು, ಮೇಲ್ಭಾಗದಲ್ಲಿ ಕಾಫಿ ತೋಟ. ವಿಷಯ ಬೇರೆಯಾದರೂ ಕ್ರಮ ಇದೇ.

## ಮೊದಲು ತಿಂಗಳನ್ನು ಆರಿಸಿಕೊಳ್ಳಿ

ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಅರಸೀಕೆರೆ, ಕಡೂರಿನ ಕಡೆಯವರಿಗೆ ಇನ್ನಷ್ಟು ಸಡಿಲಿಕೆ ಇದೆ. ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದವರಿಗೆ ಇಲ್ಲ. ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಒಂದೆರಡು ದಿನ ಬಿಸಿಲು ಎಷ್ಟೇ ಚುರುಕಾಗಿ ಕಂಡರೂ ಗಾಳಿಯಲ್ಲಿ ತೇವ ನಿಂತಿರುತ್ತದೆ. ಆ ದಿನಗಳಲ್ಲಿ ಅಂಟಿಸುವ ಕೆಲಸ, ವಾರ್ನಿಷ್ ಹಚ್ಚುವ ಕೆಲಸ ಎರಡನ್ನೂ ಬಿಡಬೇಕು.

ಮಳೆಗಾಲದಲ್ಲಿ ಕೈಕಟ್ಟಿ ಕೂರಬೇಕೆಂದಲ್ಲ. ರೇಖಾಚಿತ್ರ ಬಿಡಿಸುವುದು, ಲಿನೊ ಕೊರೆಯುವುದು, ಕಾಗದಗಳನ್ನು ಆಯ್ದು ಜೋಡಿಸಿ ನೋಡುವುದು ಇವೆಲ್ಲ ತೇವಕ್ಕೆ ಹೆದರದ ಕೆಲಸಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವನ್ನು ಮುಗಿಸಿಕೊಂಡರೆ ಬೇಸಗೆಗೆ ಅಂಟು ಮತ್ತು ಬಣ್ಣ ಮಾತ್ರ ಉಳಿಯುತ್ತವೆ.

## ಬೇಕಾಗುವ ಸಾಮಗ್ರಿ

12 ಮಿಲಿಮೀಟರ್ ದಪ್ಪದ, ಬಿಡಬ್ಲ್ಯುಪಿ (ಕುದಿಯುವ ನೀರಿಗೂ ಜಗ್ಗದ) ದರ್ಜೆಯ ಪ್ಲೈವುಡ್ ತನ್ನಿ. ಹಲಗೆಯ ಮೇಲೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತು ಇರುತ್ತದೆ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗವೂ ನುಣುಪೂ ಹೌದು, ಆದರೆ ಅಂಚಿನಿಂದ ತೇವ ಹೀರಿ ಒಮ್ಮೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಚೌಕಟ್ಟಿಗೆ ಬಿಗಿದ ಹತ್ತಿ ಕ್ಯಾನ್ವಾಸ್ ಋತುವಿಗೆ ತಕ್ಕಂತೆ ಸಡಿಲವಾಗುತ್ತ ಬಿಗಿಯಾಗುತ್ತ ಇರುವುದರಿಂದ, ಅಂಟಿಸಿದ ಕಾಗದಕ್ಕೆ ಅದು ನೆಲೆಯಾಗಲಾರದು.

ಅಕ್ರಿಲಿಕ್ ಜೆಸ್ಸೊ (ಬಣ್ಣ ಹಿಡಿಯಲು ಹಚ್ಚುವ ಬಿಳಿ ತಳಪದರ), ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ದ್ರವ), ಸಾಫ್ಟ್ ಜೆಲ್ (ಅದರದೇ ಗಟ್ಟಿ ರೂಪ) ಇವು ಮೂರೂ ಬೇಕು. ಹಣ ಉಳಿಸಬೇಕಾದರೆ ಬಣ್ಣದಲ್ಲಿ ಉಳಿಸಿ, ಮೀಡಿಯಂನಲ್ಲಿ ಬೇಡ. ಇವುಗಳ ಜೊತೆಗೆ 120 ಮತ್ತು 220 ಸಂಖ್ಯೆಯ ಉಪ್ಪುಕಾಗದ, 2 ಅಂಗುಲದ ಚಪ್ಪಟೆ ಕುಂಚ, ರಬ್ಬರ್ ರೋಲರ್, ಲಿನೊ ಹಾಳೆ, ವಿ ಮತ್ತು ಯು ಆಕಾರದ ಉಳಿಗಳು, ತೈಲಾಧಾರಿತ ಅಚ್ಚಿನ ಶಾಯಿ, ಬಟರ್ ಪೇಪರ್, ಸೂಜಿ ತೆಗೆದ ಸಿರಿಂಜ್, ಮೂಗುಪಟ್ಟಿ ಇರಲಿ.

ಬಣ್ಣದ ಟ್ಯೂಬಿನ ಹೆಸರನ್ನು ನಂಬಬೇಡಿ, ಅದರ ಮೇಲಿನ ವರ್ಣದ್ರವ್ಯದ ಸಂಕೇತವನ್ನು ಓದಿ. ಪಿವೈ 42 ಹಳದಿ ಓಕರ್, ಪಿಆರ್ 101 ಕೆಂಪು ಆಕ್ಸೈಡ್, ಪಿಬಿ 29 ಅಲ್ಟ್ರಾಮರೀನ್ ನೀಲಿ, ಪಿಡಬ್ಲ್ಯು 6 ಟೈಟಾನಿಯಂ ಬಿಳಿ. ಈ ನಾಲ್ಕೂ ಬೆಳಕಿಗೆ ಮಾಸುವ ಬಣ್ಣಗಳಲ್ಲ. ಅಲಿಝರಿನ್ ಕ್ರಿಮ್ಸನ್ ಹೆಸರಿನ ಪಿಆರ್ 83 ಮಾಸುತ್ತದೆ. ಸಂಕೇತವೇ ಇಲ್ಲದ ಟ್ಯೂಬು ಮಕ್ಕಳ ಅಭ್ಯಾಸಕ್ಕೆ ಸಾಕು.

## ಹಂತ 1: ಸ್ಥಳದಲ್ಲಿ ರೇಖಾಚಿತ್ರ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಪೂರ್ವಾಭಿಮುಖವಾಗಿದೆ. ಹೊರಗೋಡೆಯ ಶಿಲ್ಪಗಳು ದಟ್ಟವಾಗಿರುವ ಪಶ್ಚಿಮದ ಕಡೆಗೆ ಬೆಳಕು ಬರುವುದು ಮಧ್ಯಾಹ್ನದ ನಂತರ. ಗೋಡೆಯನ್ನು ಸವರಿಕೊಂಡು ಓರೆಯಾಗಿ ಬೀಳುವ ಬೆಳಕಿನಲ್ಲಿ ಉಬ್ಬುಶಿಲ್ಪದ ಪ್ರತಿ ಏರಿಳಿತವೂ ನೆರಳಾಗಿ ಕಾಣುತ್ತದೆ; ಎದುರಿನಿಂದ ನೇರವಾಗಿ ಬೀಳುವ ಬೆಳಕಿನಲ್ಲಿ ಎಲ್ಲವೂ ಚಪ್ಪಟೆಯಾಗುತ್ತದೆ. ದೇವಾಲಯದ ಸುತ್ತಲಿನ ಕಲ್ಲುಕಟ್ಟೆಯಾದ ಜಗತಿಯ ಮೇಲೆ ಚಪ್ಪಲಿ ಹಾಕುವಂತಿಲ್ಲ, ಬಿಸಿಲಿಗೆ ಕಲ್ಲು ಕಾದಿರುತ್ತದೆ, ಆದ್ದರಿಂದ ದಪ್ಪ ಕಾಲುಚೀಲ ಚೀಲದಲ್ಲಿರಲಿ.

ಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಆಮೇಲೆ ಕುದುರೆ ಸವಾರರು ಇದ್ದಾರೆ. ಎಲ್ಲವನ್ನೂ ಬರೆಯಲು ಹೊರಟವರು ಸಂಜೆಯ ಹೊತ್ತಿಗೆ ಏನನ್ನೂ ಬರೆದಿರುವುದಿಲ್ಲ. ಆನೆಸಾಲು ಒಂದನ್ನೇ ತೆಗೆದುಕೊಳ್ಳಿ. ಮೊದಲು ಸೊಂಡಿಲಿನಿಂದ ಸೊಂಡಿಲಿಗೆ ಇರುವ ಅಂತರವನ್ನು ಗುರುತು ಹಾಕಿಕೊಂಡು, ಆನೆಗಳ ನಡುವಿನ ಕತ್ತಲ ತುಂಡುಗಳನ್ನು 4ಬಿ ಪೆನ್ಸಿಲಿನಿಂದ ತುಂಬಿ. ಆನೆಯ ಆಕಾರ ತಾನಾಗಿ ಉಳಿಯುತ್ತದೆ. ಗಂಟೆ, ಸರಪಳಿ, ಜೂಲುಗಳ ವಿವರ ಫೋನಿನ ಚಿತ್ರದಲ್ಲಿ ಸಿಗುತ್ತದೆ, ಅದಕ್ಕೆ ಅಲ್ಲಿನ ಬೆಳಕನ್ನು ಖರ್ಚು ಮಾಡಬೇಕಾಗಿಲ್ಲ. ಮುಂದೆ ಲಿನೊ ಕೊರೆಯುವಾಗ ಬೇಕಾಗುವುದು ಈ ಕಪ್ಪುಬಿಳುಪಿನ ವಿಂಗಡಣೆಯೇ.

ಕಲ್ಲಿನ ಮೇಲೆ ಕಾಗದ ಇಟ್ಟು ಸೀಸ ಉಜ್ಜಿ ಅಚ್ಚು ತೆಗೆಯುವುದನ್ನು ಯಾವ ಸ್ಮಾರಕದಲ್ಲೂ ಮಾಡಬೇಡಿ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗೋಡೆ. ಅಲ್ಲದೆ ಬಳಪದ ಕಲ್ಲು ಮೆದುವಾದದ್ದು, ಉಜ್ಜಾಟಕ್ಕೆ ಸವೆಯುತ್ತದೆ. ಆ ಬಗೆಯ ಮೇಲ್ಮೈ ಬೇಕೆಂದರೆ ನಿಮ್ಮ ಮನೆಯ ಹಳೆಯ ಬಾಗಿಲಿನ ಕೆತ್ತನೆಯೋ ಸಿಲ್ವರ್ ಓಕ್ ತೊಗಟೆಯೋ ಸಾಕು.

## ಹಂತ 2: ಹಲಗೆಯನ್ನು ಮುಚ್ಚುವುದು

ಹಲಗೆಯ ಎರಡೂ ಮುಖ ಮತ್ತು ನಾಲ್ಕೂ ಅಂಚುಗಳನ್ನು 120ರ ಉಪ್ಪುಕಾಗದದಿಂದ ಉಜ್ಜಿ, ದೂಳು ಒರೆಸಿ, ಮ್ಯಾಟ್ ಮೀಡಿಯಂ ಅನ್ನು ಸ್ವಲ್ಪ ನೀರಿನೊಂದಿಗೆ ತೆಳುವಾಗಿಸಿ ಎಲ್ಲ ಕಡೆಗೂ ಹಚ್ಚಬೇಕು. ಮುಂಭಾಗಕ್ಕೆ ಮಾತ್ರ ಹಚ್ಚಿ ಹಿಂಭಾಗವನ್ನು ಬರಿದಾಗಿ ಬಿಡುವುದೇ ಹಲಗೆ ಬಾಗಲು ಮೊದಲ ಕಾರಣ: ಒಂದು ಮುಖ ತೇವ ಹೀರಿ ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ. ಅಂಚುಗಳಿಗೆ ಎರಡು ಸಲ ಹಚ್ಚಿ, ಏಕೆಂದರೆ ಪ್ಲೈವುಡ್ ನೀರು ಕುಡಿಯುವುದು ಬಹುಪಾಲು ಅಲ್ಲಿಂದಲೇ.

ಒಣಗಿದ ಮೇಲೆ ಮುಂಭಾಗಕ್ಕೆ ಜೆಸ್ಸೊ ಮೂರು ಸಲ ಹಚ್ಚಿ: ಮೊದಲನೆಯದು ಅಡ್ಡ, ಎರಡನೆಯದು ಉದ್ದ, ಮೂರನೆಯದು ಮತ್ತೆ ಅಡ್ಡ. ಪ್ರತಿ ಸಲದ ನಡುವೆ 220ರಿಂದ ಹಗುರಾಗಿ ಉಜ್ಜಿ. ಹಿಂಭಾಗಕ್ಕೆ ಎರಡು ಸಲ ಸಾಕು. ಕೊನೆಗೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ತಟ್ಟನೆ ಇಂಗಿದರೆ ಇನ್ನೊಂದು ಪದರ ಬೇಕು. ಮಣಿಯಂತೆ ಉರುಳಿದರೆ ಮೇಲ್ಮೈ ತೀರ ನುಣುಪಾಗಿದೆ, ಮತ್ತೆ ಉಜ್ಜಬೇಕು. ನಿಧಾನವಾಗಿ ಹರಡಿದರೆ ಸರಿ.

## ಹಂತ 3: ಬಿಡಿ ಭಾಗಗಳನ್ನು ಹಲಗೆಯಿಂದ ಹೊರಗೆ ಸಿದ್ಧಪಡಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು, ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ. ಪ್ರತಿ ಮಾಧ್ಯಮವೂ ತನ್ನ ಪಾಡಿಗೆ ಒಣಗಿ ಗಟ್ಟಿಯಾದ ಮೇಲೆ ಹಲಗೆಗೆ ಬರಬೇಕು.

ಲಿನೊ ಅಚ್ಚು. ಹಾಳೆಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗಿ ಉಳಿ ಸರಾಗವಾಗಿ ಓಡುತ್ತದೆ. ಹಾಳೆ ಹಿಡಿದ ಕೈ ಸದಾ ಉಳಿಯ ಹಿಂದೆ ಇರಲಿ. ಗಾಯಗಳೆಲ್ಲ ಆಗುವುದು ಎಡಗೈ ಉಳಿಯ ಮುಂದೆ ಬಂದಾಗಲೇ. ಅಚ್ಚು ಕನ್ನಡಿಯಂತೆ ತಿರುಗುವುದರಿಂದ, ಬಲಕ್ಕೆ ನಡೆಯಬೇಕಾದ ಆನೆಯನ್ನು ಎಡಕ್ಕೆ ಕೊರೆಯಬೇಕು. ಅಚ್ಚನ್ನು ನೇರ ಹಲಗೆಗೆ ಒತ್ತದೆ, ತೆಳುವಾದ ಗಟ್ಟಿ ಕೈಕಾಗದದ ಮೇಲೆ ಚಮಚದ ಬೆನ್ನಿನಿಂದ ಉಜ್ಜಿ ತೆಗೆಯಿರಿ. ನೀರಿನ ಶಾಯಿ ಇಲ್ಲಿ ಬೇಡ: ಮೇಲೆ ಅಂಟು ಹಚ್ಚಿದ ಕೂಡಲೇ ಅದು ಕರಗಿ ಬಿಳಿ ಭಾಗಕ್ಕೆ ಹರಡುತ್ತದೆ. ತೈಲಾಧಾರಿತ ಶಾಯಿಯ ಅಚ್ಚನ್ನು ಬೇಸಗೆಯಲ್ಲಿ ಕನಿಷ್ಠ ಒಂದು ವಾರ, ತೇವದ ದಿನಗಳಲ್ಲಿ ಎರಡು ಮೂರು ವಾರ ದಾರಕ್ಕೆ ತೂಗುಹಾಕಿ. ಬಿಳಿ ಬಟ್ಟೆಯಿಂದ ಒತ್ತಿದಾಗ ಕಪ್ಪು ಹತ್ತಬಾರದು.

ಹಳೆಯ ಕಾಗದ. ತೋಟದ ಲೆಕ್ಕದ ಪುಸ್ತಕ, ಅಂಚೆ ಕಾಗದ ಮುಂತಾದವುಗಳ ಮೂಲಪ್ರತಿಯನ್ನು ಅಂಟಿಸಬೇಡಿ. ಫೌಂಟನ್ ಪೆನ್ನಿನ ಶಾಯಿ ಮೀಡಿಯಂ ತಾಗಿದೊಡನೆ ಹರಡುತ್ತದೆ, ಅಲ್ಲದೆ ಅಜ್ಜನ ಕೈಬರಹವನ್ನು ಬಣ್ಣದಡಿ ಹೂತುಬಿಡುವುದಕ್ಕೆ ಮನೆಯಲ್ಲಿ ಯಾರೂ ಒಪ್ಪಲಾರರು. ಝೆರಾಕ್ಸ್ ಪ್ರತಿ ಅಥವಾ ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಪ್ರಿಂಟು ಒದ್ದೆಯಾದರೆ ಕದಡುತ್ತದೆ. ಅಂಗಡಿಯಲ್ಲಿ ಯಾವ ಯಂತ್ರದ್ದು ಎಂದು ಕೇಳಿಯೇ ತೆಗೆದುಕೊಳ್ಳಿ. ವಾರ್ತಾಪತ್ರಿಕೆಯ ಕಾಗದ ಕೆಲವೇ ತಿಂಗಳಲ್ಲಿ ಹಳದಿಯಾಗುವುದರಿಂದ ಅದನ್ನೂ ಹೀಗೆಯೇ ಪ್ರತಿ ಮಾಡಿಸುವುದು ಮೇಲು.

ಕಾಗದವಿಲ್ಲದೆ ಅಕ್ಷರ ಮಾತ್ರ ಬೇಕಾದರೆ ಲೇಸರ್ ಪ್ರಿಂಟನ್ನು ಹಲಗೆಗೆ ವರ್ಗಾಯಿಸಬಹುದು. ಕಂಪ್ಯೂಟರಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸಿ ಮುದ್ರಿಸಿಕೊಂಡು, ಹಲಗೆಗೆ ಜೆಲ್ ದಪ್ಪವಾಗಿ ಹಚ್ಚಿ, ಮುದ್ರಿತ ಮುಖ ಕೆಳಗಾಗುವಂತೆ ಒತ್ತಿ, ಒಂದು ರಾತ್ರಿ ಬಿಡಿ. ಮರುದಿನ ಒದ್ದೆ ಸ್ಪಂಜಿನಿಂದ ನೆನೆಸಿ ಬೆರಳ ತುದಿಯಿಂದ ಉಜ್ಜಿದರೆ ಕಾಗದದ ನಾರು ಉರುಳೆಯಾಗಿ ಕಳಚಿ ಅಕ್ಷರ ಉಳಿಯುತ್ತದೆ. ಒಂದೇ ಸಲಕ್ಕೆ ಪೂರ್ತಿ ತೆಗೆಯಲು ಹೋದರೆ ಅಕ್ಷರವೂ ಹೋಗುತ್ತದೆ. ಒಣಗಲು ಬಿಟ್ಟು, ಬಿಳಿಚಿಕೊಂಡ ಜಾಗವನ್ನು ಮತ್ತೆ ನೆನೆಸಿ ಉಜ್ಜಬೇಕು.

ಗೋಣಿತಾಟು. ಕಾಫಿ ಮೂಟೆಯ ತಾಟು ಈ ಭಾಗದ ಕಲಾವಿದರಿಗೆಲ್ಲ ಇಷ್ಟ, ಬೂಷ್ಟಿಗೂ ಅಷ್ಟೇ ಇಷ್ಟ. ಸೋಪಿನ ನೀರಿನಲ್ಲಿ ಒಗೆದು, ಉರಿಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಇಸ್ತ್ರಿ ಮಾಡಿ, ಎದ್ದ ಎಳೆಗಳನ್ನು ಕತ್ತರಿಸಿ, ಎರಡೂ ಬದಿಗೆ ಮ್ಯಾಟ್ ಮೀಡಿಯಂ ಹಚ್ಚಿ ಪೂರ್ತಿ ಮುಚ್ಚಬೇಕು. ಅಂಗೈ ಅಗಲಕ್ಕಿಂತ ದೊಡ್ಡ ತುಂಡನ್ನು ಬಳಸದಿರುವುದೇ ಒಳ್ಳೆಯದು.

ಕೆಮ್ಮಣ್ಣಿನ ಬಣ್ಣ. ಮೇಲ್ಮಣ್ಣಿನಲ್ಲಿ ಬೇರು, ಎಲೆಗೊಬ್ಬರ ಬೆರೆತಿರುವುದರಿಂದ ಅದು ಬೂಷ್ಟಿಗೆ ಆಹಾರ. ದಿಬ್ಬ ಕಡಿದ ಜಾಗದಲ್ಲಿ ಒಂದೆರಡು ಅಡಿ ಕೆಳಗಿನ ಮಣ್ಣನ್ನು ತನ್ನಿ. ಪುಡಿ ಮಾಡಿ ಬಕೆಟ್ ನೀರಿಗೆ ಹಾಕಿ ಜೋರಾಗಿ ಕದಡಿ, ಅರ್ಧ ನಿಮಿಷ ನಿಲ್ಲಿಸಿ. ಮರಳು ತಳಕ್ಕೆ ಇಳಿದಿರುತ್ತದೆ, ಕೆಂಪು ಇನ್ನೂ ನೀರಿನಲ್ಲೇ ತೇಲುತ್ತಿರುತ್ತದೆ. ಆ ಕೆಂಪು ನೀರನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಸುರಿದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಚೆಲ್ಲಿ ಹೊಸ ನೀರು ಹಾಕಿ. ಹೀಗೆ ಮೂರು ಸಲವಾದರೂ ಮಾಡಿದರೆ ಮಣ್ಣಿನ ಉಪ್ಪಿನಂಶ ತೊಳೆದುಹೋಗುತ್ತದೆ. ಇಲ್ಲದಿದ್ದರೆ ಬಣ್ಣದ ಮೇಲೆ ಮುಂದೆ ಬಿಳಿ ಹುಡಿ ಏಳುತ್ತದೆ.

ತಳದಲ್ಲಿ ಉಳಿದ ಕೆನೆಯಂಥ ಮಣ್ಣನ್ನು ತಟ್ಟೆಯಲ್ಲಿ ಹರಡಿ ಒಣಗಿಸಿ, ಬಿರುಕುಬಿಟ್ಟ ಚಕ್ಕೆಗಳನ್ನು ಕುಟ್ಟಿ ಪುಡಿ ಮಾಡಿ, ಅಡುಗೆಗೆ ಬಳಸದ ಬಾಣಲೆಯಲ್ಲಿ ಸ್ವಲ್ಪ ಹೊತ್ತು ಹುರಿಯಿರಿ. ಉಳಿದ ಜೀವಾಂಶ ಸುಟ್ಟುಹೋಗುತ್ತದೆ. ಹಳದಿ ಮಣ್ಣಾದರೆ ಕಣ್ಣೆದುರೇ ಕೆಂಪಾಗುತ್ತ ಬರುತ್ತದೆ, ಬೇಕಾದ ಛಾಯೆಗೆ ಒಲೆ ಆರಿಸಬಹುದು. ಪುಡಿಯನ್ನು ಕಲಸುವಾಗ ಮೂಗುಪಟ್ಟಿ ಕಟ್ಟಿಕೊಳ್ಳಿ. ಸಮಪ್ರಮಾಣದ ಮ್ಯಾಟ್ ಮೀಡಿಯಂನಿಂದ ಆರಂಭಿಸಿ, ಗಾಜಿನ ಮೇಲೆ ಚಾಕುವಿನಿಂದ ಅರೆದು, ತುಂಡು ಕಾಗದಕ್ಕೆ ಹಚ್ಚಿ ಒಣಗಿಸಿ ಬೆರಳಿನಿಂದ ಉಜ್ಜಿ ನೋಡಿ. ಬೆರಳು ಕೆಂಪಾದರೆ ಮೀಡಿಯಂ ಸಾಲದು.

ಕಾಫಿ ಡಿಕಾಕ್ಷನ್. ಈ ಭಾಗದಲ್ಲಿ ಇದನ್ನು ಬಳಸದವರೇ ಇಲ್ಲ. ಆದರೆ ಕಾಫಿಯ ಕಂದು ಬೆಳಕಿಗೆ ಮಾಸುತ್ತದೆ, ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಚಿಕೋರಿ ಬೆರೆಸಿದ ಪುಡಿಯಾದರೆ ಅಂಟುಅಂಟಾಗಿಯೂ ಉಳಿಯುತ್ತದೆ. ಚಿತ್ರಪುಸ್ತಕದ ಕರಡು ಚಿತ್ರಕ್ಕೆ ಚೆನ್ನ, ಫಲಕಕ್ಕೆ ಬೇಡ. ಅದೇ ಛಾಯೆ ಬರ್ಂಟ್ ಅಂಬರ್ ಅನ್ನು ನೀರಾಗಿಸಿ ಹಚ್ಚಿದರೂ ಬರುತ್ತದೆ.

## ಹಂತ 4: ಅಂಟಿಸುವ ಸರದಿ

ಮೈದಾ ಅಂಟು ಬೇಡ. ಜಿರಳೆ, ಬೆಳ್ಳಿಹುಳು, ಬೂಷ್ಟು ಮೂರಕ್ಕೂ ಅದು ಊಟ. ಮೈಲುತುತ್ತ ಬೆರೆಸಿದರೆ ಹುಳು ಬರುವುದಿಲ್ಲ ಎಂಬುದು ಹಳೆಯ ಪದ್ಧತಿ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಅದೇ ಮೈಲುತುತ್ತ ವಿಷ, ಮಕ್ಕಳಿರುವ ಮನೆಯಲ್ಲಿ ಬರಿಗೈಯಲ್ಲಿ ಕಲಸುವ ವಸ್ತುವಲ್ಲ. ಬಡಗಿಗಳು ಬಳಸುವ ಸಾಮಾನ್ಯ ಬಿಳಿ ಅಂಟು ಒಣಗಿದ ಮೇಲೂ ತೇವಕ್ಕೆ ಮೆತ್ತಗಾಗುವ ಗುಣದ್ದು. ಕಾಗದಕ್ಕೆ ಮ್ಯಾಟ್ ಮೀಡಿಯಂ, ತಾಟಿಗೆ ಸಾಫ್ಟ್ ಜೆಲ್, ಇಷ್ಟೇ ಸಾಕು.

ಅಂಟು ಮುಟ್ಟುವ ಮೊದಲು ಎಲ್ಲ ತುಂಡುಗಳನ್ನು ಹಲಗೆಯ ಮೇಲೆ ಒಣದಾಗಿಯೇ ಜೋಡಿಸಿ, ಪೆನ್ಸಿಲಿನಿಂದ ಮೂಲೆಗಳನ್ನು ಗುರುತಿಸಿ, ಒಂದು ಫೋಟೊ ತೆಗೆದುಕೊಳ್ಳಿ. ಕೈಗೆ ಅಂಟಾದ ಮೇಲೆ ಯಾವುದು ಎಲ್ಲಿತ್ತು ಎಂಬುದು ನೆನಪಿರುವುದಿಲ್ಲ.

1. ಅಕ್ಷರ ವರ್ಗಾವಣೆಯನ್ನು ಮೊದಲು ಮುಗಿಸಿ. ಅದಕ್ಕೆ ನೀರು ಉಜ್ಜಬೇಕಾಗುವುದರಿಂದ, ಪಕ್ಕದಲ್ಲಿ ಕಾಗದ ಅಂಟಿದ್ದರೆ ಅದೂ ಏಳುತ್ತದೆ.

2. ತೆಳುವಾದ ದೊಡ್ಡ ಕಾಗದಗಳು ಆಮೇಲೆ. ಕಾಗದದ ಬೆನ್ನಿಗೂ ಹಲಗೆಗೂ ಮೀಡಿಯಂ ಹಚ್ಚಿ, ಮಧ್ಯದಿಂದ ಅಂಚಿಗೆ ಬಟರ್ ಪೇಪರ್ ಮೇಲೆ ರೋಲರ್ ಓಡಿಸಿ. ಕಾಗದ ದಪ್ಪವಾಗಿದ್ದರೆ, ಬೆನ್ನಿಗೆ ಹಚ್ಚಿ ಮೂರು ನಾಲ್ಕು ನಿಮಿಷ ಹಾಗೆಯೇ ಬಿಡಬೇಕು. ಕಾಗದ ಒದ್ದೆಯಾದಾಗ ಹಿಗ್ಗುತ್ತದೆ. ಹಿಗ್ಗುವುದು ಹಲಗೆಯ ಮೇಲೆ ಆದರೆ ಗುಳ್ಳೆ, ಹಲಗೆಗೆ ಬರುವ ಮೊದಲೇ ಆದರೆ ಗುಳ್ಳೆಯಿಲ್ಲ. ಗುಳ್ಳೆಗಳ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು ಈ ಮೂರು ನಿಮಿಷ ಕಾಯದವರು.

3. ಲಿನೊ ಅಚ್ಚಿನ ಕಾಗದ ಮೂರನೆಯದು. ಅದರ ಮೇಲೆ ರೋಲರ್ ಹಗುರವಾಗಿರಲಿ.

4. ಗೋಣಿತಾಟು ಕೊನೆಗೆ. ಜೆಲ್ ಅನ್ನು ಚಾಕುವಿನಿಂದ ದಪ್ಪವಾಗಿ ಹಚ್ಚಿ, ತಾಟಿನ ಎಳೆಗಳ ನಡುವಿನಿಂದ ಜೆಲ್ ಇಣುಕುವವರೆಗೆ ಒತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಮತಟ್ಟಾದ ಹಲಗೆ, ಅದರ ಮೇಲೆ ಭಾರವಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪ್ಲಾಸ್ಟಿಕ್ ತೆಗೆದು ಗಾಳಿಗೆ ಬಿಡಬೇಕು. ಮುಚ್ಚಿಯೇ ಇಟ್ಟರೆ ಒಳಗಿನ ತೇವ ಹೊರಗೆ ಹೋಗಲು ದಾರಿಯಿರುವುದಿಲ್ಲ.

ಒಣಗಿದ ಮೇಲೆ ಗುಳ್ಳೆ ಕಂಡರೆ ಬ್ಲೇಡಿನಿಂದ ಚಿಕ್ಕದಾಗಿ ಸೀಳಿ, ಸಿರಿಂಜಿನಿಂದ ಮೀಡಿಯಂ ಒಳಗೆ ಬಿಟ್ಟು, ಬಟರ್ ಪೇಪರ್ ಇಟ್ಟು ಒತ್ತಿ.

## ಹಂತ 5: ಒಣಗಿದೆಯೇ ಎಂದು ಪರೀಕ್ಷಿಸುವುದು

ಮುಟ್ಟಿದರೆ ಅಂಟುವುದಿಲ್ಲ ಎಂಬುದು ಒಣಗಿದ್ದಕ್ಕೆ ಸಾಕ್ಷಿಯಲ್ಲ. ಮೇಲ್ಪದರ ಮಾತ್ರ ಒಣಗಿ ಒಳಗೆ ನೀರು ಉಳಿದಿರುವುದು ಈ ಹವೆಯಲ್ಲಿ ಸಾಮಾನ್ಯ. ಕೈಯ ಹಿಂಬದಿಯನ್ನು ಅಂಟಿಸಿದ ಜಾಗಕ್ಕೂ ಬರೀ ಜೆಸ್ಸೊ ಇರುವ ಜಾಗಕ್ಕೂ ಒಂದೊಂದು ಸಲ ತಾಗಿಸಿ ನೋಡಿ; ಅಂಟಿಸಿದ ಜಾಗ ಹೆಚ್ಚು ತಣ್ಣಗಿದ್ದರೆ ನೀರು ಇನ್ನೂ ಆರುತ್ತಿದೆ ಎಂದರ್ಥ. ಇನ್ನೂ ಖಚಿತವಾಗಬೇಕಾದರೆ, ಅಂಗೈ ಅಗಲದ ಪಾರದರ್ಶಕ ಪ್ಲಾಸ್ಟಿಕ್ ತುಂಡನ್ನು ತಾಟಿನ ಮೇಲಿಟ್ಟು ನಾಲ್ಕೂ ಅಂಚಿಗೆ ಹಗುರವಾದ ಮಾಸ್ಕಿಂಗ್ ಟೇಪ್ ಹಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಒಳಮೈಯಲ್ಲಿ ಮಂಜು ಕಂಡರೆ ಇನ್ನೂ ಕಾಯಬೇಕು.

ಬೇಗ ಒಣಗಲೆಂದು ಬಚ್ಚಲೊಲೆಯ ಹತ್ತಿರ ಇಡುವುದು ಮಲೆನಾಡಿನಲ್ಲಿ ಬಟ್ಟೆಗೆ ನಡೆಯುತ್ತದೆ, ಫಲಕಕ್ಕೆ ನಡೆಯುವುದಿಲ್ಲ. ಒಂದು ಮುಖ ಕಾದು ಹಲಗೆ ಬಾಗುತ್ತದೆ, ಹೊಗೆಯ ಮಸಿ ಜೆಸ್ಸೊ ಮೇಲೆ ಕೂರುತ್ತದೆ. ಮಿಂಚಿನ ವೇಗದ ಹೇರ್ ಡ್ರೈಯರ್ ಮೇಲ್ಪದರವನ್ನಷ್ಟೇ ಬಿಗಿದು ನೀರನ್ನು ಒಳಗೆ ಹಿಡಿದಿಡುತ್ತದೆ. ಫಲಕವನ್ನು ಗೋಡೆಗೆ ಒರಗಿಸದೆ, ಎರಡೂ ಮುಖಕ್ಕೆ ಗಾಳಿ ಆಡುವಂತೆ ನಿಲ್ಲಿಸಿ ಫ್ಯಾನ್ ಹಾಕಿದರೆ ಸಾಕು.

## ಹಂತ 6: ನೀರಿನ ಬಣ್ಣ ಮೊದಲು, ತೈಲ ಕೊನೆಗೆ

ಕೆಮ್ಮಣ್ಣು ಮತ್ತು ಅಕ್ರಿಲಿಕ್ ಎರಡೂ ಇಲ್ಲಿ ಬರುತ್ತವೆ. ಕೆಮ್ಮಣ್ಣನ್ನು ವಿಶಾಲವಾದ ನೆಲದ ಭಾಗಗಳಿಗೆ ಎರಡು ತೆಳು ಪದರವಾಗಿ ಹಚ್ಚಿ. ದಪ್ಪವಾಗಿ ಬಳಿದರೆ ಬಿರುಕು ಬಿಡುತ್ತದೆ. ಆನೆಸಾಲಿನ ಬೂದುಹಸಿರು ಛಾಯೆಗೆ ಅಲ್ಟ್ರಾಮರೀನ್, ಹಳದಿ ಓಕರ್, ಬಿಳಿ ಸಾಕು. ಅಂಗಡಿಯ ಸಿದ್ಧ ಬೂದುಬಣ್ಣ ಕಲ್ಲಿನಂತೆ ಕಾಣದೆ ಸಿಮೆಂಟಿನಂತೆ ಕಾಣುತ್ತದೆ. ತೋಟದ ಭಾಗದಲ್ಲಿ ಎಲೆ ಎಲೆಯಾಗಿ ಬಿಡಿಸಲು ಹೋಗದೆ, ಮರದ ನೆರಳನ್ನು ತೆಳುವಾದ ಪದರಗಳಲ್ಲಿ ಒಂದರ ಮೇಲೊಂದು ತಂದರೆ ಕೆಳಗಿನ ಲೆಕ್ಕದ ಕಾಗದದ ಸಾಲುಗಳು ಅಲ್ಲಲ್ಲಿ ಇಣುಕುತ್ತವೆ. ಕಾಗದ ಅಂಟಿಸಿದ್ದೇ ಅದಕ್ಕಾಗಿ. ಹತ್ತಿರಹತ್ತಿರ ಎಲ್ಲ ಕಾಗದವನ್ನೂ ಬಣ್ಣದಿಂದ ಮುಚ್ಚಿಬಿಡುವವರಿಗೆ ಕೊಲಾಜ್ ಮಾಡುವ ಅಗತ್ಯವೇ ಇರಲಿಲ್ಲ.

ಅಕ್ರಿಲಿಕ್ ಮೇಲೆ ತೈಲವರ್ಣ ಕೂರುತ್ತದೆ. ತೈಲದ ಮೇಲೆ ಅಕ್ರಿಲಿಕ್ ಕೂರುವುದಿಲ್ಲ, ಒಂದಲ್ಲ ಒಂದು ದಿನ ಸುಲಿಯುತ್ತದೆ. ಆದ್ದರಿಂದ ತೈಲ ಹಚ್ಚಲು ಆರಂಭಿಸಿದ ಕ್ಷಣದಿಂದ ಅಕ್ರಿಲಿಕ್ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ನನ್ನ ಅಭಿಪ್ರಾಯದಲ್ಲಿ ಮೊದಲ ಫಲಕಕ್ಕೆ ತೈಲ ಬೇಕಾಗಿಯೇ ಇಲ್ಲ. ಬೇಕೆನಿಸಿದರೆ ಆನೆಗಳ ನಡುವಿನ ಆಳ ನೆರಳಿಗೆ ಮಾತ್ರ, ಬರ್ಂಟ್ ಅಂಬರ್ ಅನ್ನು ಸ್ವಲ್ಪ ಅಗಸೆ ಎಣ್ಣೆಯೊಂದಿಗೆ ತೀರ ತೆಳುವಾಗಿ ಸವರಿ. ಅಂಬರ್ ಬೇಗ ಒಣಗುವ ಬಣ್ಣ. ಐವರಿ ಬ್ಲ್ಯಾಕ್ ಬಹಳ ನಿಧಾನ, ಅದನ್ನು ಈ ಹವೆಯಲ್ಲಿ ದೂರವಿಡುವುದು ಲೇಸು.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನೇ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರಡಿ ಒಣಗಿಸಿದ ಮೇಲೆಯೇ ಎಸೆಯಿರಿ.

## ಹಂತ 7: ವಾರ್ನಿಷ್, ಚೌಕಟ್ಟು, ಗೋಡೆ

ಬರೀ ಅಕ್ರಿಲಿಕ್ ಫಲಕಕ್ಕೆ ಎರಡು ವಾರ ಬಿಟ್ಟು ವಾರ್ನಿಷ್ ಹಚ್ಚಬಹುದು. ತೈಲ ತಾಗಿದ್ದರೆ ಆರು ತಿಂಗಳು ಕಾಯಬೇಕು. ಮೋಡದ ದಿನ ಹಚ್ಚಿದ ವಾರ್ನಿಷ್ ಹಾಲಿನ ಪೊರೆಯಂತೆ ಬಿಳಿಚಿಕೊಳ್ಳುತ್ತದೆ, ಅದನ್ನು ತೆಗೆಯುವುದು ಹಚ್ಚುವುದಕ್ಕಿಂತ ಕಷ್ಟ.

ಚೌಕಟ್ಟಿಗೆ ಗಾಜು ಹಾಕಿಸುವುದಾದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಪಟ್ಟಿ ಇಡಿಸಿ. ಫಲಕದ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಹಲಗೆಗೂ ನಡುವೆ ಗಾಳಿ ಓಡಾಡುತ್ತದೆ. ಮಲೆನಾಡಿನ ಮಳೆ ನೈಋತ್ಯದಿಂದ ಹೊಡೆಯುವುದರಿಂದ ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆಗಳು ಒಳಗಿನಿಂದಲೂ ತೇವವಾಗಿರುತ್ತವೆ. ಫಲಕವನ್ನು ಮನೆಯ ನಡುಗೋಡೆಗೆ ಹಾಕಿ.

## ಎಚ್ಚರಿಕೆಯ ಗುರುತುಗಳು

ಹುಳಿ ವಾಸನೆ ಮೊದಲ ಸೂಚನೆ, ಅದು ಕಣ್ಣಿಗೆ ಕಾಣುವ ಬೂಷ್ಟಿಗಿಂತ ಮೊದಲೇ ಬರುತ್ತದೆ. ಫಲಕವನ್ನು ಇಳಿಸಿ, ಹಿಂಭಾಗ ನೋಡಿ, ಗಾಳಿಯಾಡುವ ಒಣ ಕೋಣೆಗೆ ಸಾಗಿಸಿ. ಬೂಷ್ಟು ಕಾಣಿಸಿಕೊಂಡಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬಾರದು, ಅದು ಇನ್ನಷ್ಟು ಜಾಗಕ್ಕೆ ಹರಡುತ್ತದೆ. ಪೂರ್ತಿ ಒಣಗಲು ಬಿಟ್ಟು, ಮೂಗುಪಟ್ಟಿ ಕಟ್ಟಿಕೊಂಡು, ಮನೆಯ ಹೊರಗೆ ಮೃದುವಾದ ಒಣ ಕುಂಚದಿಂದ ಉದುರಿಸಿ.

ಕಾಗದದ ಅಂಚು ಕೂದಲೆಳೆಯಷ್ಟು ಎದ್ದಾಗಲೇ ಮೀಡಿಯಂ ತೂರಿಸಿ ಒತ್ತಿದರೆ ನಿಲ್ಲುತ್ತದೆ. ಹಲಗೆಯ ಅಂಚಿಗೆ ನೇರ ಅಳತೆಪಟ್ಟಿ ಹಿಡಿದಾಗ ನಡುವೆ ಬೆಳಕು ಕಂಡರೆ ಬಾಗುವಿಕೆ ಆರಂಭವಾಗಿದೆ. ಹಿಂಭಾಗದ ಜೆಸ್ಸೊ ಎಲ್ಲಿ ಬಿಟ್ಟುಹೋಗಿದೆ ಎಂದು ಹುಡುಕಿ. ಬಣ್ಣ ಚೂಪು ಅಂಚಿನ ಚಕ್ಕೆಗಳಾಗಿ ಏಳುತ್ತಿದ್ದರೆ ಆ ಜಾಗದಲ್ಲಿ ತೈಲದ ಮೇಲೆ ಅಕ್ರಿಲಿಕ್ ಬಿದ್ದಿರುತ್ತದೆ. ಅದಕ್ಕೆ ತೇಪೆ ಹಾಕಲಾಗದು, ಕೆರೆದು ತೆಗೆದು ತೈಲದಲ್ಲೇ ಮತ್ತೆ ಬರೆಯಬೇಕು.

## ಪ್ರದರ್ಶನಕ್ಕೆ ಕಳುಹಿಸುವಾಗ

ಹಿಂಭಾಗದಲ್ಲಿ ಯಾವ ಅಂಟು, ಯಾವ ಬಣ್ಣ, ಯಾವ ವಾರ್ನಿಷ್, ಯಾವ ತಿಂಗಳು ಎಂಬುದನ್ನು ಪೆನ್ಸಿಲಿನಿಂದ ಬರೆದಿಡಿ. ಮುಂದೆ ದುರಸ್ತಿ ಮಾಡುವವರು ಮೊದಲು ಹುಡುಕುವುದು ಅದನ್ನೇ. ಬಬಲ್ ಹಾಳೆಯನ್ನು ನೇರವಾಗಿ ಚಿತ್ರದ ಮೇಲೆ ಸುತ್ತಿದರೆ ಬಸ್ಸಿನ ಡಿಕ್ಕಿಯ ಸೆಕೆಗೆ ಗುಂಡುಗುಂಡಾದ ಗುರುತುಗಳು ವಾರ್ನಿಷ್ ಮೇಲೆ ಮೂಡುತ್ತವೆ. ಮೊದಲು ಬಟರ್ ಪೇಪರ್, ಅದರ ಮೇಲೆ ರಟ್ಟು, ಆಮೇಲೆ ಬಬಲ್ ಹಾಳೆ, ಗುಳ್ಳೆಗಳು ಹೊರಮುಖವಾಗಿರಲಿ. ತಲುಪಿದ ದಿನವೇ ಬಿಚ್ಚಿಸಿ ಗಾಳಿಗೆ ಇಡಲು ಅಲ್ಲಿನವರಿಗೆ ಮೊದಲೇ ಫೋನ್ ಮಾಡಿ ಹೇಳಿಡಿ.